ಹಸುವಿನ ಹಿತಕ್ಕೆ ಯಾವ ಅಳತೆಗೋಲು? – ಜಾನುವಾರು ಕಲ್ಯಾಣ ಮಾನದಂಡಗಳ ಒಂದು ತುಲನೆ

ಹಾಲಿನ ಪುಡಿಯ ಚೀಲದ ಮೇಲೆ ಕೊಬ್ಬಿನ ಪ್ರಮಾಣ, ತೇವಾಂಶ, ತಯಾರಿಕೆಯ ದಿನಾಂಕಗಳು ಮುದ್ರಿತವಾಗಿರುತ್ತವೆ. ಹದ ಮಾಡಿದ ಚರ್ಮಕ್ಕೆ ದರ್ಜೆಯ ಗುರುತು ಬಿದ್ದಿರುತ್ತದೆ. ಆದರೆ ಆ ಹಾಲನ್ನೂ ಚರ್ಮವನ್ನೂ ಕೊಟ್ಟ ದನ ಎಂತಹ ನೆಲದ ಮೇಲೆ ಮಲಗಿತ್ತು, ಎಷ್ಟು ನೀರು ಕುಡಿದಿತ್ತು, ಲಾರಿಯಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬ ವಿವರಗಳು ಬಹುಕಾಲ ವ್ಯಾಪಾರದ ಕಾಗದಪತ್ರಗಳಿಂದ ಹೊರಗೇ ಉಳಿದಿದ್ದವು. ಕಳೆದ ಎರಡು ದಶಕಗಳಲ್ಲಿ ಈ ಸ್ಥಿತಿ ಬದಲಾಗುತ್ತ ಬಂದಿದೆ. ದೊಡ್ಡ ಆಹಾರ ಕಂಪನಿಗಳು, ಪಾದರಕ್ಷೆ ತಯಾರಕರು, ಸಾಲ ನೀಡುವ ಅಂತರರಾಷ್ಟ್ರೀಯ ಸಂಸ್ಥೆಗಳು ಈಗ ಇಂತಹ ಪ್ರಶ್ನೆಗಳನ್ನು ಲಿಖಿತವಾಗಿ ಕೇಳುತ್ತಿವೆ. ಉತ್ತರ ಕೊಡಬೇಕಾದವನು ಸರಪಳಿಯ ತುದಿಯಲ್ಲಿರುವ ಹೈನುಗಾರ. ಅವನ ಮತ್ತು ಖರೀದಿದಾರನ ನಡುವೆ ನಿಂತಿರುವವರು ಸಣ್ಣ ತಯಾರಕರು ಮತ್ತು ವರ್ತಕರು.

2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ 19.25 ಕೋಟಿ ದನಗಳೂ ಸುಮಾರು 11 ಕೋಟಿ ಎಮ್ಮೆಗಳೂ ಇದ್ದವು. 2023–24ರಲ್ಲಿ ದೇಶದ ಹಾಲಿನ ಉತ್ಪಾದನೆ 23.93 ಕೋಟಿ ಟನ್ನು ತಲುಪಿತು. ಈ ಹಾಲಿನ ಬಹುಪಾಲು ಬರುವುದು ಎರಡು-ಮೂರು ಹಸು ಅಥವಾ ಎಮ್ಮೆ ಕಟ್ಟಿದ ಮನೆಗಳಿಂದ. ನೂರು ಹಸುಗಳ ಕೊಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ಮಾನದಂಡ ಈ ಮನೆಗಳಿಗೆ ಹೇಗೆ ಹೊಂದೀತು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಬೇರೆ ಬೇರೆ ದೇಶಗಳ ಮಾನದಂಡಗಳು ಏನನ್ನು ಅಳೆಯುತ್ತವೆ, ಏನನ್ನು ಬಿಡುತ್ತವೆ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಅಗತ್ಯ.

ಐದು ಸ್ವಾತಂತ್ರ್ಯಗಳು

ಇಂದಿನ ಮಾನದಂಡಗಳೆಲ್ಲವುಗಳ ಮೂಲ ಬ್ರಿಟನ್ನಿನಲ್ಲಿದೆ. 1964ರಲ್ಲಿ ರುತ್ ಹ್ಯಾರಿಸನ್ ಅವರ ‘ಅನಿಮಲ್ ಮೆಷೀನ್ಸ್’ ಎಂಬ ಪುಸ್ತಕ ಪ್ರಕಟವಾಗಿ, ಕಾರ್ಖಾನೆಯ ಮಾದರಿಯ ಪಶುಪಾಲನೆಯ ಬಗ್ಗೆ ಅಲ್ಲಿ ದೊಡ್ಡ ಚರ್ಚೆ ಎದ್ದಿತು. ಸರ್ಕಾರ ಪ್ರಾಣಿಶಾಸ್ತ್ರಜ್ಞ ಬ್ರಾಂಬೆಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. 1965ರ ಅದರ ವರದಿಯ ಪ್ರಕಾರ ಪ್ರತಿ ಪ್ರಾಣಿಗೂ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಅವಕಾಶ ಇರಬೇಕು. ಅಲ್ಲಿಯ ಕೃಷಿ ಪ್ರಾಣಿ ಕಲ್ಯಾಣ ಮಂಡಳಿ 1979ರಲ್ಲಿ ಇದನ್ನು ವಿಸ್ತರಿಸಿ ‘ಐದು ಸ್ವಾತಂತ್ರ್ಯ’ಗಳ ರೂಪಕ್ಕೆ ತಂದಿತು: ಹಸಿವು-ಬಾಯಾರಿಕೆಯಿಂದ, ಅನನುಕೂಲ ನೆಲೆಯಿಂದ, ನೋವು-ಗಾಯ-ರೋಗಗಳಿಂದ, ಭಯ-ಸಂಕಟಗಳಿಂದ ಮುಕ್ತಿ, ಜೊತೆಗೆ ಸಹಜ ವರ್ತನೆಗೆ ಅವಕಾಶ.

ಪ್ಯಾರಿಸಿನಲ್ಲಿ 1924ರಲ್ಲಿ ಸ್ಥಾಪಿತವಾದ, ಭಾರತವೂ ಸದಸ್ಯವಾಗಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇದೇ ತಳಹದಿಯ ಮೇಲೆ 2005ರಿಂದ ಕಲ್ಯಾಣ ಮಾನದಂಡಗಳನ್ನು ಅಂಗೀಕರಿಸುತ್ತ ಬಂದಿದೆ. ಮಾಂಸದ ದನಗಳ ಅಧ್ಯಾಯ 2012ರಲ್ಲೂ ಹೈನುರಾಸುಗಳ ಅಧ್ಯಾಯ 2015ರಲ್ಲೂ ಸೇರಿದವು. ಭಾರತದ ಸರ್ವೋಚ್ಚ ನ್ಯಾಯಾಲಯ ಕೂಡ 2014ರ ಮೇ 7ರ ನಾಗರಾಜ ಪ್ರಕರಣದ ತೀರ್ಪಿನಲ್ಲಿ ಈ ಐದು ಸ್ವಾತಂತ್ರ್ಯಗಳನ್ನು ಪ್ರಾಣಿಹಿಂಸೆ ತಡೆ ಕಾಯಿದೆಯ ಭಾಗವೆಂದೇ ಓದಿತು. ತತ್ವದ ಮಟ್ಟದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯ ಉಳಿದಿಲ್ಲ. ತತ್ವ ಅಂಕಿಯಾಗಿ ಇಳಿಯುವ ಹಂತದಲ್ಲಿ ದೇಶಗಳ ದಾರಿ ಬೇರೆಯಾಗುತ್ತದೆ.

ಕರುವಿಗೆ ಕಾನೂನು, ಹಸುವಿಗೆ ಮೌನ

ಅತಿ ವಿವರವಾದ ಅಂಕಿಗಳು ಐರೋಪ್ಯ ಒಕ್ಕೂಟದ ಕರುಗಳ ನಿರ್ದೇಶನದಲ್ಲಿವೆ. ಎಂಟು ವಾರ ದಾಟಿದ ಕರುವನ್ನು ಒಂಟಿ ಗೂಡಿನಲ್ಲಿ ಇಡುವಂತಿಲ್ಲ. 150 ಕಿಲೋಗಿಂತ ಕಡಿಮೆ ತೂಕದ ಕರುವಿಗೆ 1.5 ಚದರ ಮೀಟರ್, 220 ಕಿಲೋ ದಾಟಿದರೆ 1.8 ಚದರ ಮೀಟರ್ ಜಾಗ ಬೇಕು. ಹುಟ್ಟಿದ ಆರು ಗಂಟೆಯೊಳಗೆ ಗಿಣ್ಣುಹಾಲು ಸಿಗಬೇಕು. ದಿನಕ್ಕೆ ಎರಡು ಬಾರಿಯಾದರೂ ಆಹಾರ ನೀಡಬೇಕು. ಗುಂಪಿನಲ್ಲಿರುವ ಕರುಗಳನ್ನು ಹಾಲು ಕುಡಿಸುವಾಗ ಗರಿಷ್ಠ ಒಂದು ಗಂಟೆ ಬಿಟ್ಟರೆ ಬೇರೆ ವೇಳೆಯಲ್ಲಿ ಹಗ್ಗ ಹಾಕಿ ಕಟ್ಟುವಂತಿಲ್ಲ. ಬಿಳಿಯ ಮಾಂಸಕ್ಕಾಗಿ ಕರುಗಳನ್ನು ಇಕ್ಕಟ್ಟಾದ ಮರದ ಗೂಡುಗಳಲ್ಲಿ ಬೆಳೆಸುವ ಪದ್ಧತಿ ಅಲ್ಲಿ ವ್ಯಾಪಕವಾಗಿದ್ದುದರಿಂದ ಈ ಕಾನೂನು ಬಂದಿತು. ಬ್ರಿಟನ್ 1990ರಲ್ಲೇ ಆ ಗೂಡುಗಳನ್ನು ನಿಷೇಧಿಸಿತು, ಒಕ್ಕೂಟ 2006ರ ಕೊನೆಯ ವೇಳೆಗೆ.

ಕರುವಿನ ವಿಷಯದಲ್ಲಿ ಇಷ್ಟು ನಿಖರವಾಗಿರುವ ಒಕ್ಕೂಟ ಬೆಳೆದ ಹೈನುಹಸುವಿಗೆ ಪ್ರತ್ಯೇಕ ಕಾನೂನನ್ನು ಈವರೆಗೆ ಮಾಡಿಲ್ಲ. 1998ರ ಸಾಮಾನ್ಯ ನಿರ್ದೇಶನವೊಂದೇ ಅವಕ್ಕೆ ಆಧಾರ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರದ ತಜ್ಞರು 2023ರಲ್ಲಿ ಪ್ರತಿ ಹಸುವಿಗೆ ಕೊಟ್ಟಿಗೆಯೊಳಗೆ ಕನಿಷ್ಠ 9 ಚದರ ಮೀಟರ್ ಜಾಗ ಇರಬೇಕೆಂದೂ, ಹಸುವನ್ನು ಸದಾ ಕಟ್ಟಿಹಾಕಬಾರದೆಂದೂ ಸಲಹೆ ನೀಡಿದರು. ಅದು ಸಲಹೆಯಷ್ಟೇ.

ಈ ಅಂತರವನ್ನು ಕೆಲವು ದೇಶಗಳು ತಮ್ಮದೇ ರೀತಿಯಲ್ಲಿ ತುಂಬಿವೆ. ಸ್ವೀಡನ್ 1988ರ ಕಾಯಿದೆಯಲ್ಲಿ ಹೈನುರಾಸುಗಳನ್ನು ಬೇಸಿಗೆಯಲ್ಲಿ ಮೇಯಲು ಬಿಡುವುದನ್ನು ಕಡ್ಡಾಯಗೊಳಿಸಿತು. ಒಕ್ಕೂಟದ ಸದಸ್ಯನಲ್ಲದ ಸ್ವಿಟ್ಜರ್ಲೆಂಡಿನ ದಾರಿ ಇನ್ನೂ ಕುತೂಹಲಕರ. ಅಲ್ಲಿಯ ಬೆಟ್ಟಸೀಮೆಯ ಸಣ್ಣ ರೈತರು ತಲೆತಲಾಂತರದಿಂದ ಹಸುಗಳನ್ನು ಕಟ್ಟಿ ಸಾಕಿದವರು. ಕಾನೂನು ಕಟ್ಟುವುದನ್ನು ನಿಷೇಧಿಸಲಿಲ್ಲ. ಕಟ್ಟಿ ಸಾಕುವ ದನಗಳನ್ನು ಮೇವಿನ ಕಾಲದಲ್ಲಿ ಕನಿಷ್ಠ 60 ದಿನ, ಚಳಿಗಾಲದಲ್ಲಿ ಕನಿಷ್ಠ 30 ದಿನ ಹೊರಗೆ ಬಿಡಬೇಕು, ಎರಡು ವಾರಕ್ಕಿಂತ ಹೆಚ್ಚು ಕಾಲ ಬಿಡದೆ ಇರಕೂಡದು, ಹೊರಗೆ ಬಿಟ್ಟ ದಿನಗಳನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ವಿಧಿಸಿತು. ಒಂದು ಹಗ್ಗ, ಒಂದು ಅಂಗಳ, ಒಂದು ನೋಟ್‌ಬುಕ್ಕು ಇದ್ದವನೂ ಪಾಲಿಸಬಹುದಾದ ನಿಯಮವಿದು.

ಅಮೆರಿಕದಲ್ಲಿ ಸ್ಥಿತಿ ಬೇರೆ. ಅಲ್ಲಿಯ 1966ರ ಪ್ರಾಣಿ ಕಲ್ಯಾಣ ಕಾಯಿದೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳನ್ನು ಹೊರಗಿಟ್ಟಿದೆ. ಕೊಟ್ಟಿಗೆಯೊಳಗಿನ ಹಸುವಿಗೆ ಅನ್ವಯಿಸುವ ಕೇಂದ್ರ ಕಾನೂನು ಇಲ್ಲ. ಆ ಜಾಗವನ್ನು ಹಾಲು ಉತ್ಪಾದಕರ ಒಕ್ಕೂಟವೇ 2009ರಲ್ಲಿ ಆರಂಭಿಸಿದ ಸ್ವಯಂಪ್ರೇರಿತ ಕಾರ್ಯಕ್ರಮ ತುಂಬಿದೆ. ಹಸುವಿನ ಬಾಲ ಕತ್ತರಿಸುವ ಪದ್ಧತಿಯನ್ನು ಈ ಕಾರ್ಯಕ್ರಮ 2017ರಿಂದ ನಿಷೇಧಿಸಿತು. ರಾಜ್ಯಗಳು ಮಾತ್ರ ತಮ್ಮದೇ ಕಾನೂನು ಮಾಡಬಲ್ಲವು. ಕ್ಯಾಲಿಫೋರ್ನಿಯಾದ ಮತದಾರರು 2018ರಲ್ಲಿ ಒಪ್ಪಿದ ನಿಯಮದಂತೆ ಮಾಂಸಕ್ಕಾಗಿ ಸಾಕುವ ಪ್ರತಿ ಕರುವಿಗೆ 43 ಚದರ ಅಡಿ, ಅಂದರೆ ಸುಮಾರು 4 ಚದರ ಮೀಟರ್ ಜಾಗ ಬೇಕು. ಇದು ಐರೋಪ್ಯ ಅಳತೆಯ ಎರಡರಷ್ಟಕ್ಕಿಂತ ಹೆಚ್ಚು.

ಭಾರತದ ಕಾಯಿದೆ

ಭಾರತದ ಪ್ರಾಣಿಹಿಂಸೆ ತಡೆ ಕಾಯಿದೆ 1960ರದು. ಬ್ರಾಂಬೆಲ್ ವರದಿಗಿಂತ ಐದು ವರ್ಷ ಹಿರಿಯದು. ಅದರಡಿಯಲ್ಲಿ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅದರ ಮೊದಲ ಅಧ್ಯಕ್ಷರು. ಹೆಚ್ಚು ಹಾಲಿಗಾಗಿ ಹಸುವಿನ ಮೇಲೆ ನಡೆಸುವ ಕ್ರೂರ ಪ್ರಯೋಗಗಳನ್ನೂ, ಆರೋಗ್ಯಕ್ಕೆ ಹಾನಿಕರವಾದ ಚುಚ್ಚುಮದ್ದುಗಳನ್ನೂ ಕಾಯಿದೆಯ 12ನೇ ಪ್ರಕರಣ ನಿಷೇಧಿಸುತ್ತದೆ. ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

1965ರ ನಿಯಮಗಳು ದುಡಿಯುವ ಎತ್ತು-ಕೋಣಗಳಿಗೆ ದಿನಕ್ಕೆ ಒಂಬತ್ತು ಗಂಟೆ, ಬಿಡುವಿಲ್ಲದೆ ಐದು ಗಂಟೆ ಎಂಬ ಮಿತಿ ಹಾಕಿದವು. ಉಷ್ಣತೆ 37 ಡಿಗ್ರಿ ದಾಟುವ ಕಡೆಗಳಲ್ಲಿ ನಡುಹಗಲು 12ರಿಂದ 3ರವರೆಗೆ ಅವುಗಳನ್ನು ದುಡಿಸುವಂತಿಲ್ಲ. 1978ರ ನಿಯಮಗಳಂತೆ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣದಲ್ಲಿ ಲಾಭಕ್ಕಾಗಿ ಐದು ಅಥವಾ ಹೆಚ್ಚು ದನ ಸಾಕುವವರು ಕೊಟ್ಟಿಗೆಯನ್ನು ನೋಂದಾಯಿಸಬೇಕು. ಇನ್ನು ಕೊಟ್ಟಿಗೆಯ ಅಳತೆಗೆ ಬಂದರೆ, ಭಾರತೀಯ ಮಾನಕ ಸಂಸ್ಥೆಯ ಶಿಫಾರಸು ಹಸುವಿಗೆ ಸೂರಿನ ಕೆಳಗೆ 3.5 ಚದರ ಮೀಟರ್, ಬಯಲಿನಲ್ಲಿ 7 ಚದರ ಮೀಟರ್. ಎಮ್ಮೆಗೆ ಕ್ರಮವಾಗಿ 4 ಮತ್ತು 8. ಹಸುವಿನ ಲೆಕ್ಕ ಕೂಡಿದರೆ 10.5 ಚದರ ಮೀಟರ್ ಆಗುತ್ತದೆ. ಸೂರು, ಬಯಲು ಎರಡೂ ಸೇರಿದ ಈ ಅಂಕಿ ಐರೋಪ್ಯ ತಜ್ಞರು ಕೊಟ್ಟಿಗೆಯೊಳಗೆ ಬೇಕೆಂದ 9ಕ್ಕೆ ಹತ್ತಿರವೇ ಇದೆ. ಎರಡೂ ಕಡೆ ಇದು ಶಿಫಾರಸು ಮಾತ್ರ ಎಂಬುದನ್ನು ಮರೆಯುವಂತಿಲ್ಲ.

ಭಾರತದ ಕಾಯಿದೆಯ ದೌರ್ಬಲ್ಯವಿರುವುದು ದಂಡದಲ್ಲಿ. ಸಾಮಾನ್ಯ ಹಿಂಸೆಯ ಮೊದಲ ಅಪರಾಧಕ್ಕೆ ಕಾಯಿದೆ ಗೊತ್ತುಪಡಿಸಿದ ಗರಿಷ್ಠ ದಂಡ 50 ರೂಪಾಯಿ. ಇದನ್ನು ಬದಲಿಸುವ ಕರಡು ತಿದ್ದುಪಡಿಯನ್ನು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟಿತು.

ಲಾರಿಯ ಮೇಲಿನ ಲೆಕ್ಕ

ಸಾಗಣೆಯ ನಿಯಮಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅನಿರೀಕ್ಷಿತವಾದ ಚಿತ್ರ ಕಾಣುತ್ತದೆ. ಐರೋಪ್ಯ ಒಕ್ಕೂಟದ 2005ರ ನಿಯಮದಂತೆ ಸುಮಾರು 550 ಕಿಲೋ ತೂಕದ ದನಕ್ಕೆ ರಸ್ತೆ ವಾಹನದಲ್ಲಿ 1.3ರಿಂದ 1.6 ಚದರ ಮೀಟರ್ ಜಾಗ ಸಾಕು. ಭಾರತದ 1978ರ ಸಾಗಣೆ ನಿಯಮ ಪ್ರತಿ ದನಕ್ಕೆ ಸರಾಸರಿ 2 ಚದರ ಮೀಟರ್ ಬೇಕೆನ್ನುತ್ತದೆ. ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಒಯ್ಯಬಾರದು, ಜೊತೆಗೊಬ್ಬ ಆಳು ಇರಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು ಎಂದೂ ವಿಧಿಸುತ್ತದೆ. 2015ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಅದೇ 2 ಚದರ ಮೀಟರ್ ಅಳತೆಯ ಪ್ರತ್ಯೇಕ ಖಾನೆಗಳನ್ನು ಕೇಳಿತು. ನಡೆಸಿಕೊಂಡು ಹೋಗುವ ದನಗಳಿಗೂ 2001ರ ನಿಯಮ ದಿನಕ್ಕೆ 30 ಕಿಲೋಮೀಟರ್, ಎಂಟು ಗಂಟೆ ಎಂಬ ಮಿತಿ ಇಟ್ಟಿದೆ.

ವೇಳೆಯ ಲೆಕ್ಕದಲ್ಲಿ ದೇಶಗಳು ಇನ್ನಷ್ಟು ದೂರ ನಿಲ್ಲುತ್ತವೆ. ಐರೋಪ್ಯ ಒಕ್ಕೂಟದಲ್ಲಿ ಬೆಳೆದ ದನಗಳ ಸಾಗಣೆ 14 ಗಂಟೆ, ನಡುವೆ ಒಂದು ಗಂಟೆ ವಿಶ್ರಾಂತಿ, ಮತ್ತೆ 14 ಗಂಟೆ. ಅನಂತರ ಇಳಿಸಿ 24 ಗಂಟೆ ವಿರಾಮ. ಹಾಲು ಬಿಡದ ಕರುಗಳಿಗೆ ಈ ಅವಧಿ 9-1-9. ಅಮೆರಿಕದಲ್ಲಿ 1873ರಷ್ಟು ಹಿಂದೆ ರೈಲು ಸಾಗಣೆಗಾಗಿ ಬಂದ 28 ಗಂಟೆಗಳ ಮಿತಿಯೇ ಇಂದಿಗೂ ಆಧಾರ. ಕೆನಡಾ 52 ಗಂಟೆಗಳಿದ್ದ ಮಿತಿಯನ್ನು 2020ರಲ್ಲಿ 36ಕ್ಕೆ ಇಳಿಸಿತು.

ಕಾಗದದ ಮೇಲೆ ಭಾರತದ ದನಕ್ಕೆ ಯೂರೋಪಿನ ದನಕ್ಕಿಂತ ಹೆಚ್ಚು ಜಾಗವಿದೆ. ಹೆದ್ದಾರಿಯಲ್ಲಿ ಕಾಣುವ ದೃಶ್ಯ ಬೇರೆ ಎಂಬುದನ್ನು ಸಾಗಣೆ ವ್ಯವಹಾರದಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಒಂದು ಲಾರಿಗೆ ಆರೇ ದನ ಎಂಬ ಲೆಕ್ಕ ಬಾಡಿಗೆಗೆ ಹೊಂದುವುದಿಲ್ಲ. ಹೊಂದದ ನಿಯಮವನ್ನು ಮೀರುವುದೇ ವಾಡಿಕೆಯಾಗುತ್ತದೆ. ಅಂಕಿಯ ಔದಾರ್ಯವೊಂದರಿಂದಲೇ ಮಾನದಂಡ ಉತ್ತಮವಾಗುವುದಿಲ್ಲ, ಅದನ್ನು ಪರಿಶೀಲಿಸುವ ಮತ್ತು ಅದರ ವೆಚ್ಚವನ್ನು ಹೊರುವ ಏರ್ಪಾಡೂ ಬೇಕೆಂಬ ಪಾಠ ಇಲ್ಲಿದೆ.

ಜಾಗದ ಅಳತೆ, ದೇಹದ ಅಳತೆ

ಈ ಪಾಠವನ್ನು ಯೂರೋಪಿನ ವಿಜ್ಞಾನಿಗಳೂ ಬೇಗನೆ ಕಂಡುಕೊಂಡರು. ಜಾಗ, ಗೋದಲಿ, ಗಾಳಿ, ಬೆಳಕು ಇವೆಲ್ಲ ಹಸುವಿಗೆ ಕೊಟ್ಟದ್ದರ ಲೆಕ್ಕ. ಕೊಟ್ಟದ್ದರಿಂದ ಹಸುವಿಗೆ ಒಳಿತಾಯಿತೇ ಎಂಬುದನ್ನು ಹಸುವಿನ ಮೈಮೇಲೆಯೇ ಓದಬೇಕು. 2004ರಿಂದ 2009ರವರೆಗೆ ಐರೋಪ್ಯ ಒಕ್ಕೂಟದ ನೆರವಿನಿಂದ ನಡೆದ ‘ವೆಲ್ಫೇರ್ ಕ್ವಾಲಿಟಿ’ ಯೋಜನೆ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಉತ್ತಮ ಆಹಾರ, ಉತ್ತಮ ನೆಲೆ, ಉತ್ತಮ ಆರೋಗ್ಯ, ಸೂಕ್ತ ವರ್ತನೆ ಎಂಬ ನಾಲ್ಕು ತತ್ವಗಳನ್ನು ಅದು ಹನ್ನೆರಡು ಒರೆಗಲ್ಲುಗಳಾಗಿ ಬಿಡಿಸಿತು. ಹಸು ಕುಂಟುತ್ತಿದೆಯೇ, ಮೊಣಕಾಲಿನ ಕೂದಲು ಉದುರಿದೆಯೇ, ಪಕ್ಕೆಲುಬು ಕಾಣುತ್ತಿವೆಯೇ, ಕೆಚ್ಚಲು ಕೊಳೆಯಾಗಿದೆಯೇ, ಮನುಷ್ಯ ಹತ್ತಿರ ಬಂದರೆ ಎಷ್ಟು ದೂರದಲ್ಲಿ ಹಿಂದೆ ಸರಿಯುತ್ತದೆ, ನಿಂತ ಹಸು ಮಲಗಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ – ಇವೆಲ್ಲ ಅದರ ಅಳತೆಗಳು. ಗಟ್ಟಿ ಕಾಂಕ್ರೀಟಿನ ಮೇಲೆ ನಿಂತ ಹಸು ಮಲಗಲು ಹಿಂಜರಿಯುತ್ತದೆ. ದಿನಕ್ಕೆ ಹತ್ತು-ಹನ್ನೆರಡು ಗಂಟೆ ಮಲಗಬೇಕಾದ ಪ್ರಾಣಿ ನಿಂತೇ ಇದ್ದರೆ ಗೊರಸು ಕೆಡುತ್ತದೆ, ಕುಂಟು ಬರುತ್ತದೆ, ಹಾಲು ಇಳಿಯುತ್ತದೆ.

ಮಾರುಕಟ್ಟೆಯಲ್ಲಿ ಆಗಲೇ ಬಳಕೆಯಲ್ಲಿರುವ ಇಂತಹ ಅಳತೆಯೊಂದು ಹಾಲಿನಲ್ಲಿರುವ ದೇಹಕಣಗಳ ಸಂಖ್ಯೆ. ಕೆಚ್ಚಲು ಬಾವು ಬಂದಾಗ ಈ ಸಂಖ್ಯೆ ಏರುತ್ತದೆ. ಐರೋಪ್ಯ ಒಕ್ಕೂಟ ಹಸಿ ಹಾಲಿನಲ್ಲಿ ಪ್ರತಿ ಮಿಲಿಲೀಟರಿಗೆ 4 ಲಕ್ಷ, ಅಮೆರಿಕ 7.5 ಲಕ್ಷ ಎಂಬ ಮಿತಿ ಇಟ್ಟಿವೆ. ನೈರ್ಮಲ್ಯದ ನಿಯಮವಾಗಿ ಹುಟ್ಟಿದ ಈ ಅಂಕಿ ಹಸುವಿನ ನೋವನ್ನೂ ಅಳೆಯುತ್ತದೆ.

ದೇಹದ ಅಳತೆ ಸಣ್ಣ ಹೈನುಗಾರನಿಗೆ ಜಾಗದ ಅಳತೆಗಿಂತ ನ್ಯಾಯವಾದದ್ದು. ಮನೆಯ ಪಕ್ಕದ ಕೊಟ್ಟಿಗೆಯನ್ನು ಅವನು ಅಗಲ ಮಾಡಲಾರ. ಆದರೆ ಎರಡು ಹಸುಗಳ ಮೈ ಉಜ್ಜಿ, ಗೊರಸು ನೋಡಿ, ಹೆಸರಿಟ್ಟು ಕರೆಯುವ ಮನೆಯವರು ನೂರು ಹಸುಗಳ ಕೊಟ್ಟಿಗೆಯ ಆಳಿಗಿಂತ ಬೇಗ ರೋಗವನ್ನು ಗುರುತಿಸಬಲ್ಲರು. ಹಸು ಮನುಷ್ಯನಿಗೆ ಹೆದರುತ್ತದೆಯೇ ಎಂಬ ಒರೆಗಲ್ಲಿನಲ್ಲಿ ಹಳ್ಳಿಯ ಕೊಟ್ಟಿಗೆ ಹಿಂದುಳಿಯಬೇಕಾದ ಕಾರಣವಿಲ್ಲ. ಹಿಂದುಳಿಯುವುದು ನೀರಿನಲ್ಲಿ, ನೆಲದಲ್ಲಿ, ಬಿಸಿಲಿನಲ್ಲಿ. ಒಂದು ಲೀಟರ್ ಹಾಲಿಗೆ ಹಸು ಮೂರು-ನಾಲ್ಕು ಲೀಟರ್ ನೀರು ಕುಡಿಯಬೇಕಾಗುತ್ತದೆ. ದಿನಕ್ಕೆರಡು ಬಾರಿ ಬಕೆಟ್ಟಿನಲ್ಲಿ ನೀರು ಇಟ್ಟರೆ ಮಿಶ್ರತಳಿಯ ಹಸುವಿಗೆ ಸಾಲದು. ಉಷ್ಣತೆ ಮತ್ತು ತೇವಾಂಶ ಸೇರಿಸಿ ಲೆಕ್ಕ ಹಾಕುವ ತಾಪ ಸೂಚ್ಯಂಕ 72 ದಾಟಿದರೆ ಹೆಚ್ಚು ಹಾಲಿನ ವಿದೇಶಿ ತಳಿಗಳು ಬಳಲತೊಡಗುತ್ತವೆ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ತಳಿಗಳು ಸಹಿಸುವ ಬಿಸಿಲನ್ನು ಹೋಲ್‌ಸ್ಟೀನ್ ಮಿಶ್ರತಳಿ ಸಹಿಸಲಾರದು.

ಎಲ್ಲ ಮಾನದಂಡಗಳೂ ತಡವರಿಸುವ ಒಂದು ಜಾಗವಿದೆ: ಹಾಲು ಕೊಡದ ಹಸು ಮತ್ತು ಗಂಡುಕರು. ಯೂರೋಪಿನಲ್ಲಿ ಗಂಡುಕರು ಮಾಂಸದ ವ್ಯಾಪಾರಕ್ಕೆ ಹೋಗುತ್ತದೆ. ಅಲ್ಲಿಯ ಕಾನೂನು ಹುಟ್ಟಿದ್ದೇ ಆ ಕರುವಿಗಾಗಿ. ಕರ್ನಾಟಕದಲ್ಲಿ 2020ರ ಕಾಯಿದೆ 13 ವರ್ಷ ದಾಟಿದ ಎಮ್ಮೆ-ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿದೆ. ಆದ್ದರಿಂದ ಈ ಪ್ರಾಣಿಗಳ ಮೇವಿನ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಇಲ್ಲಿ ಕಲ್ಯಾಣದ ಮೊದಲ ಪ್ರಶ್ನೆಯಾಗುತ್ತದೆ. ಹೆಣ್ಣುಕರುಗಳೇ ಹೆಚ್ಚಾಗಿ ಹುಟ್ಟುವಂತೆ ಮಾಡುವ ಲಿಂಗ ನಿರ್ಧಾರಿತ ವೀರ್ಯದ ಬಳಕೆ ಒಂದು ಭಾಗಕ್ಕೆ ಪರಿಹಾರ ಕೊಟ್ಟೀತು. ವಯಸ್ಸಾದ ಹಸುವಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಗಡಿಯಲ್ಲಿ ನಿಂತ ಮಾನದಂಡ

ಈ ಅಳತೆಗಳು ವ್ಯಾಪಾರವನ್ನು ಹೇಗೆ ತಟ್ಟುತ್ತವೆ? ಐರೋಪ್ಯ ಒಕ್ಕೂಟ ತನ್ನ ಕೊಟ್ಟಿಗೆಯ ನಿಯಮಗಳನ್ನು ಆಮದಾಗುವ ಹಾಲು-ಮಾಂಸಗಳ ಮೇಲೆ ಸಾಮಾನ್ಯವಾಗಿ ಹೇರಿಲ್ಲ. ಆದರೆ ವಧೆಯ ವೇಳೆಯ ನಿಯಮಗಳು 2013ರಿಂದ ಆಮದು ಮಾಂಸಕ್ಕೂ ಸಮಾನವಾಗಿ ಅನ್ವಯಿಸುತ್ತಿವೆ. ನ್ಯೂಜಿಲೆಂಡಿನೊಂದಿಗೆ 2024ರ ಮೇ 1ರಂದು ಜಾರಿಗೆ ಬಂದ ಒಪ್ಪಂದದಲ್ಲಿ 10,000 ಟನ್ ದನದ ಮಾಂಸಕ್ಕೆ ಸುಂಕದ ರಿಯಾಯಿತಿ ಸಿಕ್ಕಿತು. ಅದು ಹುಲ್ಲುಗಾವಲಿನಲ್ಲಿ ಬೆಳೆದ ದನಗಳಿಗೆ ಮಾತ್ರ. ಸಾಕಣೆಯ ವಿಧಾನವೇ ಸುಂಕದ ಷರತ್ತಾದ ನಿದರ್ಶನವಿದು.

ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2014ರಲ್ಲಿ ಸೀಲ್ ಪ್ರಾಣಿಗಳ ಪ್ರಕರಣದಲ್ಲಿ, ಪ್ರಾಣಿ ಕಲ್ಯಾಣದ ಕಾಳಜಿ ‘ಸಾರ್ವಜನಿಕ ನೈತಿಕತೆ’ಯ ವಿನಾಯಿತಿಯೊಳಗೆ ಬರಬಲ್ಲದು ಎಂದು ಒಪ್ಪಿತು, ಯೂರೋಪ್ ಅದನ್ನು ಜಾರಿಗೊಳಿಸಿದ ರೀತಿಯಲ್ಲಿ ತಾರತಮ್ಯವಿತ್ತೆಂದೂ ಹೇಳಿತು. 2023ರ ಮೇ 11ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯಾದ ಕಾನೂನನ್ನು ಎತ್ತಿಹಿಡಿಯಿತು. ಬೇರೆ ರಾಜ್ಯದಲ್ಲಿ ಸಾಕಿದ ಪ್ರಾಣಿಯ ಮಾಂಸವನ್ನು ಅಲ್ಲಿ ಮಾರಬೇಕಾದರೂ ಅಲ್ಲಿಯ ಜಾಗದ ಅಳತೆ ಪಾಲಿಸಬೇಕು.

ಎಚ್ಚರಿಕೆಯ ಕತೆಯೂ ಒಂದಿದೆ. 2011ರಲ್ಲಿ ಇಂಡೋನೇಷ್ಯಾದ ಕಸಾಯಿಖಾನೆಗಳಲ್ಲಿ ಆಸ್ಟ್ರೇಲಿಯಾದ ದನಗಳನ್ನು ನಡೆಸಿಕೊಂಡ ರೀತಿ ದೂರದರ್ಶನದಲ್ಲಿ ಪ್ರಸಾರವಾಯಿತು. ಕೆಲವೇ ದಿನಗಳಲ್ಲಿ ಆಸ್ಟ್ರೇಲಿಯಾ ಸರ್ಕಾರ ಇಂಡೋನೇಷ್ಯಾಕ್ಕೆ ಜೀವಂತ ದನಗಳ ರಫ್ತನ್ನು ನಿಲ್ಲಿಸಿತು. ತಪ್ಪು ಮಾಡದ ಸಾಕಣೆದಾರರು, ಹಡಗಿನವರು, ಮೇವು ಮಾರುವವರು ಎಲ್ಲರೂ ನಷ್ಟಕ್ಕೊಳಗಾದರು. ರಫ್ತು ಮತ್ತೆ ಆರಂಭವಾದಾಗ ಪ್ರತಿ ದನದ ದಾರಿಯನ್ನು ಕೊನೆಯವರೆಗೆ ದಾಖಲಿಸುವ ವ್ಯವಸ್ಥೆ ಕಡ್ಡಾಯವಾಗಿತ್ತು. 2020ರಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯ ಆ ನಿಷೇಧ ಅಸಿಂಧುವೆಂದು ತೀರ್ಪಿತ್ತಿತು. ತೀರ್ಪಿಗಾಗಿ ವರ್ತಕರು ಒಂಬತ್ತು ವರ್ಷ ಕಾಯಬೇಕಾಯಿತು. ದಾಖಲೆ ಮೊದಲೇ ಇದ್ದಿದ್ದರೆ ತಪ್ಪಿತಸ್ಥರನ್ನು ಬೇರ್ಪಡಿಸಿ ಉಳಿದವರ ವ್ಯಾಪಾರವನ್ನು ಕಾಪಾಡುವುದು ಸುಲಭವಾಗುತ್ತಿತ್ತು.

ಸಾಲದ ಬಾಗಿಲಲ್ಲೂ ಈ ಪ್ರಶ್ನೆ ಬಂದಿದೆ. ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ ಪಶುಪಾಲನಾ ಉದ್ಯಮಗಳ ಕಲ್ಯಾಣ ಮಾರ್ಗಸೂಚಿಯನ್ನು 2006ರಲ್ಲಿ ಹೊರತಂದು 2014ರಲ್ಲಿ ಪರಿಷ್ಕರಿಸಿತು. 2016ರಲ್ಲಿ ಐಎಸ್‌ಒ ಕೂಡ ಕಲ್ಯಾಣ ನಿರ್ವಹಣೆಯ ತಾಂತ್ರಿಕ ವಿವರಣೆಯೊಂದನ್ನು ಪ್ರಕಟಿಸಿತು.

ಸಣ್ಣ ಉದ್ಯಮಿಗಳಿಗೆ ಇರುವ ಅವಕಾಶ

ಕರ್ನಾಟಕಕ್ಕೆ ಒಂದು ಅನುಕೂಲ ಆಗಲೇ ಇದೆ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಿಗ್ಗೆ-ಸಂಜೆ ಪ್ರತಿ ಮನೆಯ ಹಾಲನ್ನು ಅಳೆದು, ಕೊಬ್ಬಿನ ಅಂಶ ನೋಡಿ, ಪುಸ್ತಕದಲ್ಲಿ ಬರೆಯುವ ಪದ್ಧತಿ ದಶಕಗಳಿಂದ ಬೇರೂರಿದೆ. ಕೆಚ್ಚಲು ಬಾವಿನ ಸರಳ ಪರೀಕ್ಷೆ, ಕುಂಟುವ ಹಸುಗಳ ಎಣಿಕೆ, ಲಸಿಕೆಯ ದಿನಾಂಕ, ಹೊರಗೆ ಬಿಟ್ಟ ದಿನಗಳು – ಇವನ್ನು ಅದೇ ಪುಸ್ತಕಕ್ಕೆ ಸೇರಿಸಿದರೆ ಸಣ್ಣ ಹೈನುಗಾರ ದುಬಾರಿ ಲೆಕ್ಕಪರಿಶೋಧನೆಯ ವೆಚ್ಚವನ್ನು ಒಬ್ಬನೇ ಹೊರಬೇಕಾಗಿಲ್ಲ, ಸಂಘವೇ ಸಾಕ್ಷಿಯಾಗುತ್ತದೆ.

ಹಾಲು ಒಕ್ಕೂಟಗಳು ರಬ್ಬರ್ ಹಾಸು, ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರಗಳನ್ನು ಸಹಾಯಧನದಲ್ಲಿ ವಿತರಿಸುತ್ತ ಬಂದಿವೆ. ಎರಡು ಹಸುಗಳ ಕೊಟ್ಟಿಗೆಗೆ ಹೊಂದುವ ಸದಾ ನೀರಿನ ತೊಟ್ಟಿ, ಕಡಿಮೆ ವಿದ್ಯುತ್ತಿನ ಫ್ಯಾನು, ತುಂತುರು ನೀರಿನ ಕೊಳವೆ, ಜಾರದ ನೆಲಹಾಸು, ಗೊರಸು ಕತ್ತರಿಸುವ ಉಪಕರಣ, ದನ ಸಾಗಿಸುವ ವಾಹನದ ಬಿಡಿಸಿ ಜೋಡಿಸಬಹುದಾದ ಖಾನೆ – ಇವೆಲ್ಲ ದೊಡ್ಡ ಬಂಡವಾಳ ಬೇಡದ ಸರಕುಗಳು. ಜಿಲ್ಲಾ ಕೈಗಾರಿಕಾ ವಸಾಹತುಗಳ ಸಣ್ಣ ಘಟಕಗಳೇ ತಯಾರಿಸಬಲ್ಲವು.

ಹಾಲು, ತುಪ್ಪ, ಪೇಡ, ಚರ್ಮಗಳ ವ್ಯವಹಾರದಲ್ಲಿರುವವರು ಈ ಕೆಲವು ಅಂಶಗಳನ್ನು ಗಮನಿಸುವುದು ಒಳಿತು:

1. ಖರೀದಿದಾರ ಮಾನದಂಡದ ಹೆಸರು ಹೇಳಿದಾಗ, ಅದು ಜಾಗವನ್ನು ಅಳೆಯುತ್ತದೆಯೇ, ಪ್ರಾಣಿಯ ದೇಹಸ್ಥಿತಿಯನ್ನು ಅಳೆಯುತ್ತದೆಯೇ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.
2. ಪರಿಶೀಲನೆಯ ವೆಚ್ಚ ಯಾರದು, ಹೆಚ್ಚುವರಿ ದರದಲ್ಲಿ ಹೈನುಗಾರನಿಗೆ ಎಷ್ಟು ಪಾಲು ಎಂಬುದನ್ನು ಒಪ್ಪಂದದಲ್ಲೇ ಬರೆಸಬೇಕು.
3. ಹಾಲು ಅಥವಾ ತೊಗಲು ಯಾವ ಸಂಘದಿಂದ, ಯಾವ ಊರಿನಿಂದ ಬಂದಿತೆಂಬ ದಾಖಲೆಯನ್ನು ಇಂದಿನಿಂದಲೇ ಇಡಬೇಕು.
4. ದನ ಸಾಗಿಸುವ ವಾಹನಗಳ ಮಾಲೀಕರು ಪ್ರಮಾಣಪತ್ರ ಮತ್ತು ಸಂಖ್ಯೆಯ ಮಿತಿಯನ್ನು ಬಾಡಿಗೆಯ ಲೆಕ್ಕದೊಳಗೇ ಸೇರಿಸಬೇಕು.

ಮಾನದಂಡಗಳು ಮುಂದೆ ಬಿಗಿಯಾಗುವುವೇ ಹೊರತು ಸಡಿಲವಾಗುವ ಲಕ್ಷಣವಿಲ್ಲ. ಅವು ಯಾರ ಕೊಟ್ಟಿಗೆಯನ್ನು ನೋಡಿ ರಚಿತವಾಗುತ್ತವೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಾಲಿನ ಕೊಬ್ಬನ್ನು ಹಳ್ಳಿಯಲ್ಲೇ ಅಳೆದು ಬೆಲೆ ಕಟ್ಟುವುದನ್ನು ರೂಢಿಸಿಕೊಂಡ ನಾಡು ಹಸುವಿನ ಹಿತವನ್ನೂ ಅಲ್ಲೇ ಅಳೆದು ದಾಖಲಿಸಿದರೆ, ಎರಡು ಹಸುಗಳ ಮನೆಗೂ ಆ ಮಾನದಂಡದಲ್ಲಿ ಸ್ಥಾನವಿರುತ್ತದೆ. ಆ ಕೆಲಸದಲ್ಲಿ ವಾಣಿಜ್ಯ ಸಂಸ್ಥೆಗಳು, ಹಾಲು ಒಕ್ಕೂಟಗಳು ಮತ್ತು ಪಶುಪಾಲನಾ ಇಲಾಖೆ ಕೈಜೋಡಿಸುವುದು ಅಗತ್ಯ.